ಹೊಸ ಹಾಡಿನೊಳಗಣ ಹಳೆಯ ದನಿ

ವಿಜಯಪುರದ ಕೋಟೆಯ ಮನಗೂಳಿ ಅಗಸಿಯನ್ನು ಕಂಡವರಿಗೆ ಮನಗೂಳಿಯ ಹೆಸರು ಹೊಸದಲ್ಲ. ಬಸವನ ಬಾಗೇವಾಡಿ ತಾಲೂಕಿನ ಈ ಊರು ಸೊಲ್ಲಾಪುರದಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿಯ ಮೇಲಿದೆ. ಕಬ್ಬಿನ ಹಂಗಾಮಿನಲ್ಲಿ ಈ ಹಾದಿಯ ಮಗ್ಗುಲಲ್ಲಿ ಒಂದು ತಾಸು ನಿಂತವನಿಗೆ ನಮ್ಮ ಕಾಲದ ಸಂಗೀತದ ಪರಿಚಯವು ಬೇರೆ ಬೇಕಾಗಲಾರದು. ಟ್ರ್ಯಾಕ್ಟರಿನ ಬೆನ್ನಿಗೆ ಕಬ್ಬಿನ ಹೊರೆ, ಚಾಲಕನ ಬೆನ್ನಿಗೆ ಸ್ಪೀಕರಿನ ಪೆಟ್ಟಿಗೆ. ಅದರೊಳಗಿಂದ ಹೊರಡುವ ಹಾಡಿನ ಮಾತು ಹೊಸದು, ತಾಳವು ಯಂತ್ರದ್ದು. ಆದರೆ ಧಾಟಿಗೆ ತುಸು ಕಿವಿಗೊಟ್ಟರೆ ಎಲ್ಲಿಯೋ ಡೊಳ್ಳಿನ ಪದದ, ಎಲ್ಲಿಯೋ ಗೀಗೀ ಪದದ, ಎಲ್ಲಿಯೋ ಸೋಬಾನದ ಎಳೆಯೊಂದು ಹೊಳೆದು ಮಾಯವಾಗುವುದು. ಇದನ್ನು ಕೇಳಿ ಹಿರಿಯರು ಹುಬ್ಬು ಗಂಟಿಕ್ಕುವರು, ತರುಣರು ಕುಣಿಯುವರು. ಹಳೆಯ ಹಾಡು ಹೊಸ ಹಾಡಿನೊಳಗೆ ಹೊಕ್ಕಾಗ ಅರ್ಥವು ಬೆಳೆಯುವುದೋ ಕುಗ್ಗುವುದೋ ಎಂಬುದನ್ನು ಮಾತ್ರ ಇಬ್ಬರೂ ವಿಚಾರಿಸುವುದಿಲ್ಲ. ಆ ವಿಚಾರವನ್ನು ವಾಚಕರ ಮುಂದಿಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಈ ಕೆಲಸದ ಒಂದು ಬಗೆಗೆ ಸ್ಯಾಂಪ್ಲಿಂಗ್ ಎಂಬ ಹೆಸರುಂಟು. ಅಡತಿಯ ದಲಾಲನು ಜೋಳದ ಚೀಲಕ್ಕೆ ಕೊಳವೆಯನ್ನು ಚುಚ್ಚಿ ಒಂದು ಹಿಡಿ ಮಾದರಿಯನ್ನು ತೆಗೆಯುವಂತೆ, ಮೊದಲೇ ಮುದ್ರಿತವಾದ ಹಾಡಿನೊಳಗಿಂದ ನಾಲ್ಕು ಕ್ಷಣದ ನಾದವನ್ನು ಕತ್ತರಿಸಿ ಹೊಸ ಹಾಡಿನಲ್ಲಿ ಕೂಡಿಸುವುದೇ ಅದು. 1970ರ ದಶಕದಲ್ಲಿ ನ್ಯೂಯಾರ್ಕಿನ ಬಡ ಕೇರಿಗಳ ತರುಣರು ಎರಡು ಗ್ರಾಮೋಫೋನು ತಟ್ಟೆಗಳನ್ನು ಅಕ್ಕಪಕ್ಕದಲ್ಲಿ ತಿರುಗಿಸುತ್ತ ಇದನ್ನು ಕೈಯಿಂದಲೇ ಮಾಡುತ್ತಿದ್ದರು. ಮುಂದಿನ ದಶಕದಲ್ಲಿ ಅದಕ್ಕೆ ಯಂತ್ರಗಳು ಬಂದವು. ಈಗ ಕಿಸೆಯ ಫೋನಿನಲ್ಲಿಯೇ ಆಗುವ ಕೆಲಸವಿದು. ಇಲ್ಲಿ ಎರವಲು ತರುವುದು ಧಾಟಿಯನ್ನಾಗಲಿ ಮಾತನ್ನಾಗಲಿ ಮಾತ್ರವಲ್ಲ. ಆ ದಿನ, ಆ ಕೋಣೆಯಲ್ಲಿ, ಆ ಮನುಷ್ಯನ ಕೊರಳಿನಿಂದ ಹೊರಟ ಆ ಉಸಿರನ್ನೇ ತರುವುದು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವಾದೀತು.

ಧಾಟಿಯನ್ನು ಎರವಲು ತರುವ ಪದ್ಧತಿಯಾದರೋ ನಮ್ಮ ಕಡೆಗೆ ಯಂತ್ರಕ್ಕಿಂತ ಬಹಳ ಹಳೆಯದು. ನಾಟಕ ಕಂಪನಿಗಳ ಹಳೆಯ ಹಾಡಿನ ಪುಸ್ತಕಗಳನ್ನು ಇನ್ನೂ ಇಟ್ಟುಕೊಂಡವರಿದ್ದರೆ ತೆರೆದು ನೋಡಲಿ. ಪದ್ಯದ ನೆತ್ತಿಯ ಮೇಲೆ 'ಧಾಟಿ' ಎಂಬ ಶಬ್ದವಿದ್ದು, ಅದರ ಮುಂದೆ ಮರಾಠಿಯದೋ ಹಿಂದುಸ್ತಾನಿಯದೋ ಒಂದು ಪ್ರಸಿದ್ಧ ಪದದ ಮೊದಲ ಮಾತು ಅಚ್ಚಾಗಿರುವುದು ಕಾಣುವುದು. ಬಹುತೇಕ ಇದು ಅನುಕೂಲತೆಯ ಸಂಗತಿಯೇ ಆಗಿತ್ತು. ಜನರ ಬಾಯಲ್ಲಿ ಈಗಾಗಲೇ ನಿಂತ ಮಟ್ಟಿಗೆ ಹೊಸ ಮಾತು ಹೊಂದಿಸಿದರೆ ಕಂಪನಿಯ ಮಾಲಕನಿಗೆ ಅರ್ಧ ಶ್ರಮವು ಉಳಿಯುವುದಲ್ಲವೇ! ಇದರಿಂದ ಅರ್ಥವು ಬೆಳೆಯಿತೆಂದು ನಾವು ಹೇಳಲಾರೆವು.

ಆದರೆ ವಿಜಯಪುರ ಸೀಮೆಯ ಗೀಗೀ ಮೇಳಗಳ ಸಂಗತಿಯು ಬೇರೆ. ಡಪ್ಪು, ತುಂತುಣಿ, ತಾಳಗಳೊಡನೆ ರಾತ್ರಿಯೆಲ್ಲ ನಡೆಯುವ ಹರದೇಶಿ-ನಾಗೇಶಿಯ ವಾದವನ್ನು ಜಾತ್ರೆಯಲ್ಲಿ ಕುಳಿತು ಕೇಳಿದವರು ಇದನ್ನು ಬಲ್ಲರು. ಹರದೇಶಿಯು ಪುರುಷನ ಪಕ್ಷವನ್ನು ಹಿಡಿದರೆ ನಾಗೇಶಿಯು ಸ್ತ್ರೀಯ ಪಕ್ಷವನ್ನು ಹಿಡಿಯುವುದು. ಎದುರಾಳಿಯು ಈಗತಾನೆ ಹಾಡಿ ಮುಗಿಸಿದ ಸವಾಲನ್ನು ತನ್ನ ಹಾಡಿನೊಳಗೆ ಎಳೆದುಕೊಂಡು ಅದರ ಮುಖವನ್ನು ತಿರುಗಿಸುವುದರಲ್ಲಿಯೇ ಇಲ್ಲಿಯ ಜಾಣತನವೆಲ್ಲ ಇರುವುದು. ಮೊದಲಿನ ಮಾತು ಸಭಿಕರ ಕಿವಿಯಲ್ಲಿ ಇನ್ನೂ ಬಿಸಿಯಾಗಿರುವುದರಿಂದ ಎರಡನೆಯ ಮಾತು ಎರಡು ಪಟ್ಟು ಕೇಳಿಸುವುದು. ನಡುವೆ ಬಂದು ಕುಳಿತವನಿಗೆ ಮಾತ್ರ ಎಲ್ಲರೂ ಏಕೆ ನಕ್ಕರೆಂಬುದು ತಿಳಿಯದು.

ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಗಾಂಧಿ, ಖಾದಿ, ಸ್ವದೇಶಿಗಳ ಪದಗಳು ಹಳ್ಳಿಗಳನ್ನು ಹೊಕ್ಕದ್ದು ಇದೇ ಡಪ್ಪು ತುಂತುಣಿಗಳ ಬೆನ್ನು ಹತ್ತಿ. 1857ರಲ್ಲಿ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಲು ಒಲ್ಲದೆ ಕಾದಿದ ಹಲಗಲಿಯ ಬೇಡರ ಲಾವಣಿಯನ್ನು ಬಾಲ್ಯದಿಂದ ಕೇಳುತ್ತ ಬಂದ ರೈತನಿಗೆ ಅದೇ ಬಗೆಯ ಮಟ್ಟಿನಲ್ಲಿ ಸ್ವರಾಜ್ಯದ ಮಾತು ಕೇಳಿಬಂದಾಗ ವ್ಯಾಖ್ಯಾನದ ಅವಶ್ಯಕತೆಯೇ ಇರಲಿಲ್ಲ. ಹೊಸ ಪದದ ಕವಿಯು ಹಲಗಲಿಯ ಹೆಸರನ್ನೆತ್ತದಿದ್ದರೂ ಹಲಗಲಿಯು ಅಲ್ಲಿ ಹಾಜರಿರುತ್ತಿತ್ತು. ಸಭೆಯ ಮೇಲೆ ಕಣ್ಣಿಡಲು ಬಂದ ಫೌಜದಾರನು ಮಾತನ್ನಷ್ಟೇ ಬರೆದುಕೊಳ್ಳಬಲ್ಲನು. ಮಟ್ಟನ್ನು ಬರೆದುಕೊಳ್ಳುವ ವಿದ್ಯೆಯು ಅವನಿಗೆಲ್ಲಿಯದು? ಹಳೆಯ ಹಾಡಿನಿಂದ ಹೊಸ ಹಾಡಿನ ಅರ್ಥವು ಆಳವಾಗುವುದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನವನ್ನು ನಾವು ಕಾಣೆವು.

ಇನ್ನು ಚಲಚ್ಚಿತ್ರದ ಕಡೆಗೆ ನೋಡೋಣ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 'ಬೆಳ್ಳಿ ಮೋಡ'ವು 1967ರಲ್ಲಿ ತೆರೆ ಕಂಡಿತು. ಬೇಂದ್ರೆಯವರ 'ಬೆಳಗು' ಕವಿತೆಯನ್ನು ವಿಜಯಭಾಸ್ಕರರು ಆ ಚಿತ್ರಕ್ಕೆಂದು ರಾಗಕ್ಕೆ ಕೂಡಿಸಿದರು, ಎಸ್. ಜಾನಕಿಯವರು ಹಾಡಿದರು. ಕವಿತೆಯು ಚಿತ್ರಕ್ಕಿಂತ ದಶಕಗಳಷ್ಟು ಹಿರಿಯದು. ಸಾಲೆಯ ಪುಸ್ತಕಗಳಿಂದ ಎಷ್ಟೋ ಜನರಿಗೆ ಬಾಯಿಪಾಠವಾಗಿದ್ದುದು. ಅದರಲ್ಲಿ ಸೂರ್ಯೋದಯದ ಸಡಗರವಿದೆ. ಕೊನೆಗೆ ಆ ಸಡಗರವೇ ಅನುಭಾವಕ್ಕೆ ತಿರುಗುವುದು. ಚಿತ್ರದ ಕಥೆಯಾದರೋ ಒಂದು ಮುರಿದ ನಿಶ್ಚಯದ್ದು. ಆಸ್ತಿಗೆ ಒಬ್ಬಳೇ ವಾರಸದಾರಳೆಂದು ಇಂದಿರೆಯನ್ನು ಒಪ್ಪಿದ ವರನು, ಅವಳಿಗೆ ತಮ್ಮನೊಬ್ಬನು ಹುಟ್ಟಿದ ಕೂಡಲೆ ಹಿಂದೆಗೆಯುವನು. ಮುಂದೆ ಅವನೇ ಮನಸ್ಸು ತಿರುಗಿ ಬಂದಾಗ ಅವಳು ಒಲ್ಲೆನೆನ್ನುವಳು. ಬೇಂದ್ರೆಯವರ ಕವಿತೆಯನ್ನು ಅರಿಯದ ಪ್ರೇಕ್ಷಕನಿಗೆ ಆ ಹಾಡು ಮಲೆನಾಡಿನ ಚೆಲುವಿಗೆ ಜೋಡಿಸಿದ ಇಂಪಾದ ರಾಗವು, ಅಷ್ಟೇ. ಅರಿತವನಿಗೆ ಹಾಗಲ್ಲ. ಬೆಳಗೆಂಬುದು ಹೊರಗಿನ ಬೆಳಕು ಮಾತ್ರವಲ್ಲವೆಂಬ ಕವಿಯ ಸೂಚನೆಯು ಅವನ ಮನಸ್ಸಿನಲ್ಲಿ ಮೊದಲೇ ಇರುವುದರಿಂದ, ಕೊನೆಗೆ ಆ ಹೆಣ್ಣು ಒಲ್ಲೆನೆಂದು ನಿಲ್ಲುವಾಗ ಅವನಿಗೆ ಮೊದಲಿನ ಬೆಳಗು ಮತ್ತೊಮ್ಮೆ ನೆನಪಾಗುವುದು. ಕವಿತೆಯು ಚಿತ್ರಕ್ಕೆ ಆಳವನ್ನು ಕೊಟ್ಟಿತು. ಚಿತ್ರವು ಕವಿತೆಯನ್ನು ಅಕ್ಷರ ಬಾರದವರ ಬಾಯಿಗೂ ಮುಟ್ಟಿಸಿತು. ಈ ವ್ಯವಹಾರದಲ್ಲಿ ಯಾರಿಗೂ ನಷ್ಟವಾಗಲಿಲ್ಲ.

ಶಿಶುನಾಳ ಶರೀಫ ಸಾಹೇಬರ ಪದಗಳ ಯಾತ್ರೆಯು ಇದಕ್ಕಿಂತಲೂ ಕುತೂಹಲಕರವಾದುದು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಸೋರುವ ಮಾಳಿಗೆಯನ್ನು ಕುರಿತ ಅವರ ಪದವನ್ನು ಕೇಳದ ಕನ್ನಡಿಗನು ವಿರಳ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲವನ್ನು ಕಳೆದವರಿಗೆ ಈ ಪದದ ಮೊದಲ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ತುಳಿಯಬೇಕು, ಜಂತಿಗೆ ಹುಳ ಬಿದ್ದುದನ್ನು ನೋಡಬೇಕು, ಸೋರುವಲ್ಲಿ ರಾತ್ರಿಯೆಲ್ಲ ಪಾತ್ರೆಯನ್ನಿಡಬೇಕು. ಇದೆಲ್ಲ ಮೈಗೆ ತಿಳಿದ ಮೇಲೆ, ಮನೆಯೆಂದರೆ ದೇಹವು, ಸೋರುವುದು ಅಜ್ಞಾನದಿಂದ ಎಂಬ ಎರಡನೆಯ ಅರ್ಥವು ತಾನಾಗಿಯೇ ಇಳಿಯುವುದು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಿ. ಅಶ್ವಥ್ ಅವರು ಸಂಗೀತವನ್ನು ಕೊಟ್ಟರು. ಅಂದಿನಿಂದ ಶರೀಫರ ಪದವೆಂದರೆ ಅಶ್ವಥ್ ಅವರ ಏರುದನಿಯೇ ಎಂಬಷ್ಟು ಅದು ನಾಡಿನ ಕಿವಿಯಲ್ಲಿ ನಿಂತಿತು. ಮುಂದೆ 2008ರಲ್ಲಿ ರಘು ದೀಕ್ಷಿತರು ತಮ್ಮ ಮೊದಲ ಧ್ವನಿಸಂಗ್ರಹದಲ್ಲಿ ಶರೀಫರ ಗುಡುಗುಡಿಯ ಪದವನ್ನು ಗಿಟಾರು ಡ್ರಮ್ಮುಗಳಿಗೆ ಕೂಡಿಸಿ ಹಾಡಿದರು. ಕನ್ನಡದ ಗಂಧವಿಲ್ಲದ ಪರದೇಶದ ಸಭೆಗಳಲ್ಲಿಯೂ ಶರೀಫರನ್ನು ಕುಣಿಸಿದರು.

ಇದು ಸ್ಯಾಂಪ್ಲಿಂಗ್ ಅಲ್ಲ, ಪುನಃ ಹಾಡುವಿಕೆ, ಎಂದು ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪಣೆಯು ಸರಿಯಾದುದೇ. ಆದರೆ ಅರ್ಥದ ದೃಷ್ಟಿಯಿಂದ ಇಲ್ಲಿ ನಡೆಯುವ ಕೆಲಸವು ಒಂದೇ. ಗುಡುಗುಡಿಯೆಂದರೆ ಹುಕ್ಕಾ, ಶರೀಫರು ಸೇದುವ ಚಟದ ವಸ್ತುವನ್ನೇ ಹಿಡಿದು ದೇಹ-ಆತ್ಮಗಳ ಮಾತಾಡಿದವರು. ಪಟ್ಟಣದ ತರುಣನು ಆ ಪದವನ್ನು ಮೋಜಿನ ಕುಣಿತದ ನಡುವೆ ಕೇಳುವನು. ಮೊದಲ ಸಲ ಅವನಿಗೆ ಹೊಗೆಯೊಂದೇ ಕಾಣುವುದು, ನಿಜ. ಅದರ ಕೆಳಗೆ ನೂರಾರು ವರ್ಷಗಳ ಭಜನೆಯ ಮನೆಯ ದನಿಯಿದೆಯೆಂದು ತಿಳಿದ ದಿನ ಮೋಜು ಮತ್ತು ವೈರಾಗ್ಯ ಎರಡೂ ಏಕಕಾಲಕ್ಕೆ ಕೇಳಿಸತೊಡಗುವುವು. ಶರೀಫರಿಗೆ ಬೇಕಾಗಿದ್ದುದೂ ಇದೇ ಅಲ್ಲವೇ? ಚಟದ ಮಾತಿನಿಂದಲೇ ಚಟವನ್ನು ಬಿಡಿಸುವುದು ಅವರ ಹಾದಿಯಾಗಿತ್ತು. ಗಿಟಾರಿನ ಗದ್ದಲವನ್ನು ಕಂಡು ನಿಟ್ಟುಸಿರುಬಿಡುವ ಹಿರಿಯರ ಮಾತನ್ನು ಈ ಒಂದು ಪ್ರಸಂಗದಲ್ಲಾದರೂ ನಾವು ಒಪ್ಪಲಾರೆವು.

2005ರ 'ಜೋಗಿ' ಚಿತ್ರವೂ ಜನಪದರಿಂದಲೇ ಸಾಲ ತಂದಿತು. ಜೋಗಪ್ಪನನ್ನು ನಿನ್ನ ಅರಮನೆಯೆಲ್ಲಿ ಎಂದು ಕೇಳುವ ಹಳೆಯ ಹಾಡಿಗೆ ಗುರುಕಿರಣರು ಹೊಸ ವಾದ್ಯಗಳನ್ನು ಹೊದಿಸಿದರು. ಕಥೆಯಲ್ಲಿ ಹಳ್ಳಿಯ ತಾಯಿಯು ಬೆಂಗಳೂರಿಗೆ ಬಂದು ಕಾಣೆಯಾದ ಮಗನನ್ನು ಬೀದಿ ಬೀದಿ ಹುಡುಕುವಳು. ಮಗನು ಪಾತಕಿಗಳ ಲೋಕದಲ್ಲಿ ಜೋಗಿಯೆಂಬ ಹೆಸರಿನಿಂದ ಮೆರೆಯುತ್ತಿರುವನು. ಹಳೆಯ ಹಾಡಿನಲ್ಲಿ ಪ್ರಣಯದ ಕೀಟಲೆಯಾಗಿದ್ದ ಪ್ರಶ್ನೆಯು ಇಲ್ಲಿ ತಾಯಿಯ ಪ್ರಶ್ನೆಯ ನೆರಳಾಗುವುದು. ಚಿತ್ರವನ್ನು ಮಾಡಿದವರು ಇಷ್ಟನ್ನು ಎಣಿಸಿಯೇ ಮಾಡಿದರೋ, ಹಾಡು ಜನಪ್ರಿಯವೆಂದು ಸೇರಿಸಿದರೋ, ಅದು ಬೇರೆ ಮಾತು. ಹಳೆಯ ಹಾಡಿಗೆ ತನ್ನದೇ ಬುದ್ಧಿಯಿರುವುದು. ತಂದವನು ಅರಿಯದ ಕೆಲಸವನ್ನೂ ಅದು ಮಾಡಿ ಹೋಗುವುದು.

ಹಾಗೆಯೇ ತಂದವನಿಗೆ ಬೇಡಾದ ಕೆಲಸವನ್ನೂ ಮಾಡುವುದು! 2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರ 'ಕೋಲುಮಂಡೆ' ಎಂಬ ಹಾಡು ಯೂಟ್ಯೂಬಿನಲ್ಲಿ ಪ್ರಕಟವಾಯಿತು. ಅದು ಮಲೆ ಮಾದೇಶ್ವರನ ಮಹಾಕಾವ್ಯದ ಪ್ರಸಿದ್ಧ ಪದವೊಂದರ ರ‍್ಯಾಪ್ ರೂಪವು. ಮೂಲ ಕಥೆಯನ್ನು ದಕ್ಷಿಣದ ಕಂಸಾಳೆಯವರು 'ಸಂಕಮ್ಮನ ಸಾಲು' ಎಂದು ಹಾಡುವರು. ಗಂಡನಾದ ನೀಲೇಗೌಡನು ಕಾಡಿಗೆ ಹೊರಡುವಾಗ ಹೆಂಡತಿಯ ಶೀಲಕ್ಕೆ ಭಾಷೆಯನ್ನು ಬೇಡುವನು, ಅವಳು ಕೊಡಲೊಲ್ಲಳು, ಅವನು ಅವಳನ್ನು ಬಂಧಿಸಿ ಹೋಗುವನು. ಆಗ ಜಂಗಮನ ವೇಷದಲ್ಲಿ ಭಿಕ್ಷೆಗೆ ಬರುವ ಮಾದೇಶ್ವರನು ಅವಳನ್ನು ಬಿಡಿಸುವನು. ಅಂದಮೇಲೆ ಆ ಪದದ ಒಳಗೆ ನಿಂತವಳು ಶೀಲದ ಪರೀಕ್ಷೆಯಿಂದ ನೊಂದ ಒಬ್ಬ ಹೆಣ್ಣು. ಭಕ್ತರಿಗೆ ಅವಳು ಶರಣೆ. ಹೊಸ ಹಾಡಿನ ಚಿತ್ರಣದಲ್ಲಿ ಆ ಶರಣೆಯನ್ನು ತೋರಿಸಿದ ರೀತಿಯು ಅವಮಾನಕರವೆಂದು ಭಕ್ತರು ಸಿಟ್ಟಿಗೆದ್ದರು. ಗಾಯಕರು ಕ್ಷಮೆ ಕೇಳಿದರು. ಹಾಡನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಗಾಯಕರ ಮೇಲೆ ದೋಷ ಹೊರಿಸುವುದು ನಮ್ಮ ಉದ್ದೇಶವಲ್ಲ. ಕ್ಷಮೆ ಕೇಳಿದವರನ್ನು ಮತ್ತೆ ಕಟಕಟೆಗೆ ಎಳೆಯುವುದು ಸಭ್ಯತೆಯಲ್ಲ. ಆದರೆ ಹಳೆಯ ಹಾಡು ಒಂಟಿಯಾಗಿ ಬರುವ ಅತಿಥಿಯಲ್ಲ, ತನ್ನ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬರುವುದೆಂಬುದು ಇದರಿಂದ ಸ್ಪಷ್ಟವಾಗುವುದು. ಒಳ್ಳೆಯ ತಾಳವೊಂದೇ ಸಾಕು, ಸಂಕಮ್ಮನ ಗೋಳು ಬೇಡ ಎಂದರೆ ನಡೆಯದು. ಅದೇ ಪದವನ್ನು ಇಂದಿನ ಹೆಣ್ಣುಮಕ್ಕಳ ಮೇಲಣ ಅನುಮಾನದ ಕಥೆಗೆ ಕೂಡಿಸಿದ್ದರೆ ಎಂಥ ಬಲವಾದ ಹಾಡಾಗುತ್ತಿತ್ತೆಂಬುದನ್ನು ಯಾರಾದರೂ ತರುಣ ಕವಿಗಳು ಯೋಚಿಸಿ ನೋಡಲಿ.

ಪರದೇಶದವರೂ ಈ ಎಡವಟ್ಟಿನಿಂದ ಪಾರಾಗಿಲ್ಲ. ಅಮೇರಿಕೆಯ ದಕ್ಷಿಣ ಸೀಮೆಯಲ್ಲಿ ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಘೋರವನ್ನು ಕುರಿತು ಏಬಲ್ ಮೀರೊಪೊಲ್ ಎಂಬ ಮಾಸ್ತರರು ಬರೆದ 'ಸ್ಟ್ರೇಂಜ್ ಫ್ರೂಟ್' ಎಂಬ ಹಾಡನ್ನು 1939ರಲ್ಲಿ ಬಿಲ್ಲಿ ಹಾಲಿಡೇ ಎಂಬ ಗಾಯಕಿಯು ಮುದ್ರಿಸಿದಳು. 1965ರಲ್ಲಿ ನೀನಾ ಸಿಮೋನ್ ಎಂಬವಳು ಮತ್ತೆ ಹಾಡಿದಳು. ಈ ಸಿಮೋನಳ ದನಿಯನ್ನೇ ಕತ್ತರಿಸಿ ಕಾನ್ಯೆ ವೆಸ್ಟ್ ಎಂಬ ರ‍್ಯಾಪ್ ಗಾಯಕನು 2013ರಲ್ಲಿ, ಕೆಟ್ಟುಹೋದ ಪ್ರೇಮ ಮತ್ತು ಹಣದ ಜಗಳಗಳನ್ನು ಹೇಳುವ ತನ್ನ ಹಾಡಿನಲ್ಲಿ ಸೇರಿಸಿದನು. ವಿಮರ್ಶಕರು ಎರಡು ಬಣವಾದರು. ಸಾವಿರಾರು ಹೆಣಗಳ ನೆನಪನ್ನು ಸ್ವಂತದ ಬೇಸರಕ್ಕೆ ಬಳಸುವುದೇ ಎಂದು ಕೆಲವರು ಕೇಳಿದರು. ಐಶ್ವರ್ಯದ ನಡುವೆಯೂ ಆ ಹಳೆಯ ಮರದ ನೆರಳು ತಪ್ಪಲಿಲ್ಲವೆಂಬುದನ್ನೇ ಅವನು ಹೇಳುತ್ತಿರುವನೆಂದು ಕೆಲವರು ಸಮರ್ಥಿಸಿದರು. ನಮಗೆ ಮೊದಲಿನವರ ಮಾತೇ ಹೆಚ್ಚು ಸರಿಯಾಗಿ ತೋರುತ್ತದೆ. ಹಳೆಯ ದನಿಯು ಹೊಸ ಮಾತಿಗಿಂತ ಅಷ್ಟು ಭಾರವಾಗಿದ್ದರೆ ಹೊಸ ಮಾತು ಅದರಡಿಗೆ ಕುಸಿಯುವುದು.

ಇದಕ್ಕೆ ವಿರುದ್ಧವಾದ ಇನ್ನೊಂದು ಉದಾಹರಣೆಯು ನಮ್ಮ ದೇಶಕ್ಕೇ ಸಂಬಂಧಿಸಿದೆ. 'ಏಕ್ ದೂಜೆ ಕೇ ಲಿಯೇ' ಎಂಬ 1981ರ ಹಿಂದಿ ಚಿತ್ರಕ್ಕೆ ಲಕ್ಷ್ಮೀಕಾಂತ-ಪ್ಯಾರೇಲಾಲರು ಕೂಡಿಸಿದ ಹಾಡೊಂದರ ಪಿಟೀಲಿನ ತುಣುಕನ್ನು ಬ್ರಿಟ್ನಿ ಸ್ಪಿಯರ್ಸ್ ಎಂಬ ಅಮೇರಿಕದ ಗಾಯಕಿಯ 'ಟಾಕ್ಸಿಕ್' ಹಾಡಿನಲ್ಲಿ ಬಳಸಿದರು. ಲೋಕವೆಲ್ಲ ಅದನ್ನು ಕೇಳಿತು. ಆದರೆ ಅಮೇರಿಕದ ಕೇಳುಗನಿಗೆ, ಭಾಷೆಯ ಗೋಡೆಯಿಂದ ಅಗಲಿ ಕೊನೆಗೆ ಸಾಯುವ ಆ ಚಿತ್ರದ ಪ್ರೇಮಿಗಳ ಅರಿವೆಲ್ಲಿಯದು? ಅವನಿಗೆ ಅದು ಕಿವಿಯನ್ನು ಚುಚ್ಚುವ ಚೆಲುವಾದ ಸದ್ದು ಮಾತ್ರ. ಮುಂಬಯಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಕುಳಿತ ನಮ್ಮವನಿಗೆ ಮಾತ್ರ ಆ ಪ್ರೇಮದ ವಿಷವು ಎರಡು ಬಾರಿ ಏರಿದಂತಾಗುವುದು. ಒಂದೇ ಹಾಡು, ಆದರೂ ಒಬ್ಬನಿಗೆ ಆಳ, ಇನ್ನೊಬ್ಬನಿಗೆ ಬರಿಯ ಅಲಂಕಾರ.

ನಮ್ಮ ಮುಖ್ಯವಾದ ಚಿಂತೆಯು ಇಲ್ಲಿಯೇ ಇರುವುದು. ಅರ್ಥವು ಬೆಳೆಯುವುದು ಹಾಡಿನ ಯಂತ್ರದಲ್ಲಲ್ಲ, ಕೇಳುವವನ ನೆನಪಿನಲ್ಲಿ. ಆ ನೆನಪು ಈಗ ನಮ್ಮಲ್ಲಿ ಎಷ್ಟು ಉಳಿದಿದೆ?

ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದುದನ್ನು ವಾಚಕರು ಬಲ್ಲರು. ತ್ರಿಪದಿಯೆಂಬುದು ಸಣ್ಣ ವಸ್ತುವಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ, ಎಂದರೆ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ, ಅದು ಕಲ್ಲಿನ ಮೇಲೆ ಬಂದು ಕುಳಿತ ಛಂದಸ್ಸು. ಹಲಸಂಗಿಯ ಗೆಳೆಯರು ಇಲ್ಲದಿದ್ದರೆ ಆ ಪದಗಳಲ್ಲಿ ಎಷ್ಟು ಉಳಿಯುತ್ತಿದ್ದವೋ ಯಾರು ಹೇಳಬಲ್ಲರು? ಆದರೆ ಅವರು ಉಳಿಸಿದ್ದು ಮಾತುಗಳನ್ನು. ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವಾಗ ಕೊರಳು ಎಲ್ಲಿ ತಡೆಯುವುದು, ಕಲ್ಲಿನ ಸುತ್ತು ನಿಂತಾಗ ಉಸಿರು ಎಲ್ಲಿ ಮುಗಿಯುವುದು, ಇದನ್ನು ಅಚ್ಚಿನ ಮೊಳೆಯು ಹೇಳಲಾರದು. ಹಿಟ್ಟಿನ ಗಿರಣಿಯು ಊರಿಗೆ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು; ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದು ಒಳ್ಳೆಯದೇ ಆಯಿತು. ನಸುಕಿನಲ್ಲೆದ್ದು ಬೀಸುವ ಕಷ್ಟವು ಮರಳಿ ಬರಲೆಂದು ಹಾಡಿನ ಮೋಹಕ್ಕೆ ಬಿದ್ದು ಬಯಸುವವರು ತಾವೇ ಒಂದು ಪಡಿ ಜೋಳ ಬೀಸಿ ನೋಡಬೇಕು. ಕಲ್ಲಿನ ಜೊತೆಗೆ ಹಾಡೂ ಮೂಲೆ ಸೇರಿತೆಂಬುದೇ ನಮ್ಮ ದೂರು.

ಮನಗೂಳಿಯ ಹೆಸರನ್ನು ಇತಿಹಾಸಕಾರರು ಬೇರೊಂದು ಕಾರಣಕ್ಕಾಗಿ ಬಲ್ಲರು. ಕಲಚೂರಿ ಬಿಜ್ಜಳನ ಕಾಲದ, 1161ರ, ಇಲ್ಲಿಯ ಶಿಲಾಶಾಸನವನ್ನು ಜೆ.ಎಫ್. ಫ್ಲೀಟ್ ಸಾಹೇಬರು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದೇ ಫ್ಲೀಟರು 1880ರ ದಶಕದಲ್ಲಿ ನಮ್ಮ ಸೀಮೆಯ ಲಾವಣಿಗಳನ್ನೂ ಬರೆದುಕೊಂಡು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚುಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಹಲಗಲಿಯ ಬೇಡರ ಲಾವಣಿಯೂ ಅವುಗಳಲ್ಲಿವೆ. ಪರಕೀಯ ಸರಕಾರದ ಅಧಿಕಾರಿಯೊಬ್ಬನು ತನ್ನ ಸರಕಾರದ ವಿರುದ್ಧ ಕಾದಿದವರ ಹಾಡನ್ನು ಬರೆದುಕೊಂಡನು! ನಮ್ಮ ಕಚೇರಿಗಳಲ್ಲಿ ಕುಳಿತ ನಮ್ಮ ಅಧಿಕಾರಿಗಳಿಗೆ ಆ ವ್ಯಸನವು ಎಷ್ಟು ಜನಕ್ಕಿದೆಯೆಂದು ಕೇಳಿದರೆ ಉತ್ತರವು ಹಿತವಾಗಲಾರದು. ಕಲ್ಲಿನ ಮಾತು ಎಂಟುನೂರ ಅರವತ್ತು ವರ್ಷ ನಿಂತಿತು. ಹಾಡಿದವರ ದನಿಯಾದರೋ ಫ್ಲೀಟರ ಹಾಳೆಯ ಮೇಲೂ ಇಲ್ಲ.

ದನಿಯು ಉಳಿದರೆ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆವು. ಅಮೇರಿಕದ ಅಲಬಾಮಾ ಪ್ರಾಂತದಲ್ಲಿ ವೆರಾ ಹಾಲ್ ಎಂಬ ಬಡ ಹೆಂಗಸಿದ್ದಳು. ಅರಿವೆ ಒಗೆದು, ಅಡಿಗೆ ಮಾಡಿ ಹೊಟ್ಟೆ ಹೊರೆದವಳು. ಜನಪದ ಗೀತಗಳ ಸಂಗ್ರಾಹಕರಾದ ಲೋಮ್ಯಾಕ್ಸರು, ತಂದೆ ಜಾನ್ ಮತ್ತು ಮಗ ಅಲನ್, ಅವಳ ಹಾಡುಗಳನ್ನು ಯಂತ್ರದಲ್ಲಿ ಹಿಡಿದಿಟ್ಟರು. 1964ರಲ್ಲಿ ಅವಳು ತೀರಿಕೊಂಡಳು. 1999ರಲ್ಲಿ ಮೊಬಿ ಎಂಬ ಸಂಗೀತಗಾರನು ಅವಳ ದನಿಯನ್ನು ತನ್ನ 'ಪ್ಲೇ' ಎಂಬ ಧ್ವನಿಸಂಗ್ರಹದಲ್ಲಿ ಕೂಡಿ, ಹೊಸ ತಾಳದ ಮೇಲೆ ಕುಳ್ಳಿರಿಸಿದನು. ಆ ಸಂಗ್ರಹವು ದೇಶದೇಶಗಳಲ್ಲಿ ಹರಡಿತು. ತನ್ನ ಕಷ್ಟವನ್ನು ದೇವರ ಮುಂದೆ ಹೇಳಿಕೊಂಡ ಹೆಂಗಸೊಬ್ಬಳ ಉಸಿರನ್ನು ಅವಳನ್ನು ಎಂದೂ ಕಾಣದ ಲಕ್ಷಾಂತರ ಜನರು ಕೇಳಿದರು. ಹಣವು ಯಾರಿಗೆ ಹೋಯಿತು, ಅವಳ ಹೆಸರಿಗೆ ಎಷ್ಟು ಗೌರವ ಸಂದಿತು ಎಂಬ ವಾದವು ಬೇರೆ ಇದೆ. ವಾದ ಮಾಡಲಿಕ್ಕಾದರೂ ಅಲ್ಲಿ ಒಂದು ಹೆಸರಿದೆ. ನಮ್ಮ ಗರತಿಯರಿಗೆ ಅದೂ ಇಲ್ಲ.

ಕಾಯಿದೆಯ ಮಾತೂ ಇಲ್ಲಿ ಬರುವುದು. 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಕವಿಯ ಹಕ್ಕು ಅವನ ಮರಣದ ತರುವಾಯ ಅರವತ್ತು ವರ್ಷ ನಡೆಯುವುದು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ತರುವಾಯ ಅರವತ್ತು ವರ್ಷ. ಬೇಂದ್ರೆಯವರು 1981ರಲ್ಲಿ ತೀರಿಕೊಂಡುದರಿಂದ ಅವರ ಕವಿತೆಗಳ ಹಕ್ಕು 2041ರ ಕೊನೆಯ ವರೆಗೆ ಉಳಿಯುವುದು. 'ಗಾಳಿಮಾತು' ಚಿತ್ರವು ಅದೇ 1981ರದು. ಆ ಚಿತ್ರದ ಹಾಡೊಂದನ್ನೂ 1982ರ 'ನ್ಯಾಯ ಎಲ್ಲಿದೆ' ಚಿತ್ರದ ಹಾಡೊಂದನ್ನೂ 2024ರ 'ಬ್ಯಾಚುಲರ್ ಪಾರ್ಟಿ' ಎಂಬ ಚಿತ್ರದಲ್ಲಿ ಅನುಮತಿಯಿಲ್ಲದೆ ಬಳಸಿದರೆಂದು ಹಕ್ಕುದಾರ ಕಂಪನಿಯು ದೂರಿತು. ಪ್ರಕರಣವು ದಿಲ್ಲಿಯ ಹೈಕೋರ್ಟಿನ ವರೆಗೆ ಹೋಗಿ, ನಿರ್ಮಾಪಕರು 20 ಲಕ್ಷ ರೂಪಾಯಿಗಳನ್ನು ಠೇವಣಿಯಿಡಬೇಕೆಂದು ಆಜ್ಞೆಯಾಯಿತು. ನಲವತ್ತು ವರ್ಷದ ಸಿನಿಮಾ ಹಾಡಿಗೆ ವಕೀಲರ ಕಾವಲಿದೆ. ನಾನೂರು ವರ್ಷದ ಸೋಬಾನಕ್ಕೆ ಯಾವ ಕಾವಲೂ ಇಲ್ಲ. ಸೋಬಾನಕ್ಕೂ ವಕೀಲರು ಬೇಕೆಂದು ನಾವು ಹೇಳುತ್ತಿಲ್ಲ. ವಕೀಲರಾದ ವಾಚಕರು ನಿರಾಶರಾಗಬಾರದು. ಜನಪದ ಹಾಡು ಎಲ್ಲರದೂ ಆಗಿರುವುದರಿಂದಲೇ ಜೀವಂತವಾಗಿದೆ. ಕಬ್ಬಿನ ಹಾದಿಯ ಹಾಡುಗಳನ್ನು ಕಟ್ಟುವ ನಮ್ಮ ತರುಣರು ಆ ಭಂಡಾರಕ್ಕೆ ಕೈ ಹಾಕಿದರೆ ಕಳವೆನ್ನಬಾರದು. ಆದರೆ ಇಂಥ ಊರಿನ ಇಂಥ ಹೆಂಗಸಿನ ಬಾಯಿಂದ ಕೇಳಿದ್ದೆಂದು ಎರಡು ಮಾತು ಸೇರಿಸಲು ಖರ್ಚೇನು ಬೀಳುವುದು?

ಕೆಲಸವು ದೊಡ್ಡದೇನಲ್ಲ. 1950ರಿಂದ ನಡೆದುಬಂದ ಧಾರವಾಡದ ಆಕಾಶವಾಣಿ ಕೇಂದ್ರವಿದೆ. ಶರೀಫರ ತಾಲೂಕಾದ ಶಿಗ್ಗಾಂವಿಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ. ಇವು ತಮ್ಮ ಕೆಲಸವನ್ನು ಮಾಡಲಿ. ಅವುಗಳ ದಾರಿಯನ್ನು ಕಾಯುತ್ತ ಮನಗೂಳಿಯವರು ಕುಳಿತುಕೊಳ್ಳಬೇಕಾಗಿಲ್ಲ. ಊರಿನ ಸಾಲೆಯ ಮಾಸ್ತರರು ಮೇಲಿನ ತರಗತಿಯ ಹುಡುಗ ಹುಡುಗಿಯರನ್ನು ತಮ್ಮ ತಮ್ಮ ಅಜ್ಜಿಯರ ಹತ್ತಿರ ಕಳಿಸಲಿ. ಫೋನು ಎಲ್ಲರ ಮನೆಯಲ್ಲಿದೆ. ನಾಗರ ಪಂಚಮಿಯ ಜೋಕಾಲಿಯ ಪದ, ಸೋಬಾನದ ಪದ, ಬೀಸುವ ಪದ, ಮೊಹರಮ್ಮಿನ ರಿವಾಯತು, ಯಾವುದಾದರೂ ಸರಿ. ತಾಳಯಂತ್ರವೂ ಬೇಡ, ಅಲಂಕಾರವೂ ಬೇಡ. ಹಾಡುವಾಗ ಕೆಮ್ಮಿದರೆ ಕೆಮ್ಮೂ ಇರಲಿ, ನಡುವೆ ಮರೆತು ಮಗಳನ್ನು ಕೇಳಿದರೆ ಆ ಕೇಳಿಕೆಯೂ ಇರಲಿ. ಹಾಡು ಮುಗಿದ ಮೇಲೆ ಅದೇ ದನಿಯಲ್ಲಿ ಮೂರು ಮಾತುಗಳನ್ನು ಹೇಳಿಸಿ ಮುದ್ರಿಸಬೇಕು: ಹಾಡಿದವಳ ಹೆಸರು, ಅವಳ ತವರೂರು, ಆ ಪದವನ್ನು ಅವಳು ಯಾರಿಂದ ಕಲಿತಳೆಂಬುದು.